ಹದಿನಾಲ್ಕು ಮನೆಗೆ ಒಂದು ಹೆಸರು

ಕೆರೆಯಂಚಿನ ಮರಿಯಯ್ಯನ ಅರ್ಧ ಎಕರೆಯನ್ನು ಮಹದೇವಸ್ವಾಮಿ ಕೊಂಡುಕೊಂಡ ಎಂದು ಗೊತ್ತಾದ ದಿನ ನಮ್ಮಕ್ಕ ಕುಳ್ಳಮ್ಮ ಉಣ್ಣಲಿಲ್ಲ. ಆ ಅರ್ಧ ಎಕರೆ ತನಗೇ ಎಂದು ಅವಳು ಎಂಟು ವರ್ಷದಿಂದ ಕಾದಿದ್ದಳು. ಮರಿಯಯ್ಯನೂ ಕಾದಿದ್ದ. ಕಿಕ್ಕೇರಿಯ ಮಗಳ ಮನೆ ಸೇರಿಕೊಳ್ಳುವ ಅವಸರ ಬಂದಾಗ ಅವನಾದರೂ ಎಷ್ಟು ದಿನ ಕಾಯುತ್ತಾನೆ?

ಅಕ್ಕನಿಗೆ ಇದ್ದದ್ದು ಇಪ್ಪತ್ತೆಂಟು ಗುಂಟೆ. ಎಂಬತ್ತಾರರಲ್ಲಿ ನಾಲೆ ಬಂದು ಅಷ್ಟನ್ನೂ ನುಂಗಿತು. ಎಕರೆಗೆ ಹನ್ನೊಂದು ಸಾವಿರದ ಲೆಕ್ಕದಲ್ಲಿ ಸಿಕ್ಕಿದ ದುಡ್ಡು ಭಾವನ ಕಾಯಿಲೆಗೆ ಹೋಯಿತು, ಆಮೇಲೆ ಭಾವನೂ ಹೋದ. ಅವಳು ನನ್ನ ಮನೆಗೆ ಬಂದಳು. ನನ್ನ ಹೆಂಡತಿಗೂ ಅವಳಿಗೂ ಒಂದೇ ಒಲೆಯಲ್ಲಿ ಆಗುವುದಿಲ್ಲ. ತನ್ನದೊಂದು ತುಂಡು ಗದ್ದೆ, ಅದರ ಬದುವಿನಲ್ಲಿ ಒಂದು ಗುಡಿಸಲು, ತನ್ನದೇ ಒಲೆ. ಅವಳು ಕೇಳಿದ್ದು ಅಷ್ಟೇ. ಕೋರ್ಟಿನಿಂದ ಹೆಚ್ಚಿನ ಪರಿಹಾರ ಬಂದರೆ ಅದು ಆಗುತ್ತಿತ್ತು.

ಕೋರ್ಟಿಗೆ ಹೋಗಿದ್ದು ಹೇಗೆ ಅಂದರೆ, ನಮ್ಮೂರಲ್ಲಿ ಯಾವ ಕೆಲಸಕ್ಕೂ ಊರ ಪರವಾಗಿ ಒಬ್ಬನೇ ಹೋಗುವುದು. ಉಳಿದವರು ಚಂದಾ ಎತ್ತಿ ಅವನ ಬಸ್ ಚಾರ್ಜು, ಊಟ, ಲಾಯರ ಫೀಜು ನೋಡಿಕೊಳ್ಳುವುದು. ದೇವಸ್ಥಾನದ ಗದ್ದೆಯ ಕೇಸನ್ನು ಹಾಗೆಯೇ ಗೆದ್ದಿದ್ದೆವು. ನಾಲೆಗೆ ಭೂಮಿ ಕಳೆದುಕೊಂಡ ಹದಿನಾಲ್ಕು ಮನೆಯವರು ಮಾರಿಗುಡಿ ಜಗಲಿಯಲ್ಲಿ ಕೂತಾಗ, ಎಲ್ಲರೂ ಬೇರೆ ಬೇರೆ ಕೇಸು ಹಾಕೋಣವೇ ಎಂಬ ಮಾತು ಬಂತು. ನಾನೇ ಎದ್ದು ನಿಂತು, “ಅದ್ನಾಕು ಸಲ ಯಾಕ್ ಫೀಜ್ ಕಟ್ಟೀರಿ? ಒಂದ್ ಎಸ್ರು ಸಾಕು. ಗೆದ್ರೆ ಎಲ್ರಿಗೂ ಬತ್ತದೆ” ಎಂದೆ. ಏಳನೇ ಕ್ಲಾಸು ಪಾಸಾದವನು ನಾನೊಬ್ಬನೇ. ನನ್ನ ಮಾತಿಗೆ ಯಾರೂ ಎದುರಾಡಲಿಲ್ಲ. ಆ ಹದಿನಾಲ್ಕರಲ್ಲಿ ಒಬ್ಬನಾದ ಮಹದೇವಸ್ವಾಮಿಯ ಹೆಸರಲ್ಲಿ ಕೇಸು ಬಿತ್ತು. ಮನೆಗೆ ಐವತ್ತು ರೂಪಾಯಿ. ಅಕ್ಕ ಎರಡು ಕೋಳಿ ಮಾರಿ ಕೊಟ್ಟಳು.

ಅಲ್ಲಿಂದ ಯಾವಾಗ ಕೇಳಿದರೂ ಮಹದೇವಸ್ವಾಮಿಯದು ಒಂದೇ ಮಾತು: “ನಡೀತಾ ಐತೆ ಕಣಪ್ಪ.” ಈಗ ತೊಂಬತ್ತೈದರ ಸೆಪ್ಟೆಂಬರಿನಲ್ಲಿ ನೋಡಿದರೆ ಒಂದೇ ಕಂತಿನಲ್ಲಿ ಅರ್ಧ ಎಕರೆ ಕೊಂಡಿದ್ದಾನೆ. ದುಡ್ಡು ಎಲ್ಲಿಂದ ಬಂತು ಎಂದರೆ, ಸಕ್ಕರೆ ಫ್ಯಾಕ್ಟರಿಗೆ ಹೊಡೆದ ಕಬ್ಬಿನ ದುಡ್ಡು ಎಂದ. ಅವನ ಕಬ್ಬು ಎಷ್ಟು ಟನ್ನು ಆಗುತ್ತದೆ ಎಂಬುದು ನನಗೆ ಗೊತ್ತಿಲ್ಲವೇ?

ದಸರೆಯ ಮಾರ್ಲಾಮಿ ಹಬ್ಬಕ್ಕೆ ನಾಲ್ಕು ದಿನ ಇತ್ತು. ಸೆಪ್ಟೆಂಬರ್ ಇಪ್ಪತ್ತೊಂಬತ್ತು, ಶುಕ್ರವಾರ. ಪರಿಹಾರ ಕೊಡುವ ಆಫೀಸಿಗೆ ಹೋದೆ. ನಮ್ಮೂರ ನಾಲೆ ಕೇಸು ಏನಾಯಿತು, ಯಾರಿಗೆ ಎಷ್ಟು ಕೊಟ್ಟಿರಿ ಎಂದು ಗುಮಾಸ್ತನನ್ನು ಕೇಳಿದೆ.

“ನೀವು ಪಾರ್ಟೀನಾ?” ಎಂದ ಅವನು.

“ನಮ್ಮಕ್ಕನ ಭೂಮಿ ಓಗದೆ. ಚಂದಾ ಕೊಟ್ಟವ್ಳೆ.”

“ಚಂದಾ ಕೊಟ್ಟೋರೆಲ್ಲ ಪಾರ್ಟಿ ಆಗಲ್ಲ ಯಜಮಾನ್ರೇ. ಕೇಸಲ್ಲಿ ಹೆಸರಿರೋರಿಗೆ ಮಾತ್ರ ಹೇಳೋದು. ಇದು ಸರ್ಕಾರಿ ಕಾಗದ.”

“ಸರ್ಕಾರದ ದುಡ್ಡು ಯಾರ್ದು? ನಿಮ್ಮಪ್ಪನ್ದಾ?”

ಅದು ನನ್ನ ಬಾಯಿಂದ ಬಂದೇಹೋಯಿತು. ಅವನು ಎದ್ದ, ನಾನು ಮೇಜು ಗುದ್ದಿದೆ, ಜವಾನ ಬಂದು ರಟ್ಟೆ ಹಿಡಿದ. ಕಂದಾಯ ಬಾಕಿ ಇಟ್ಟರೆ ನನ್ನ ಹೆಸರು ಬರೆದು ಚಾವಡಿ ಗೋಡೆಗೆ ಅಂಟಿಸುತ್ತೀರಿ, ಕೊಟ್ಟ ದುಡ್ಡಿನ ಲೆಕ್ಕ ಮಾತ್ರ ಗುಟ್ಟೋ ಎಂದು ಕೂಗುತ್ತಲೇ ಮೆಟ್ಟಿಲು ಇಳಿದೆ. ಕೂಗಿದ್ದು ಸರಿಯಾಗಿಯೇ ಇತ್ತು. ಆದರೆ ಊರಿಗೆ ಬಂದು, ಇನ್ನು ಆ ಹೊಸಿಲು ತುಳಿಯುವುದಿಲ್ಲ ಎಂದು ಸೆಟೆದುಕೊಂಡು ಕೂತೆನಲ್ಲ, ಅದು ಸರಿಯಿರಲಿಲ್ಲ. ಹಬ್ಬ ಮುಗಿಯಿತು. ಹಸುವಿಗೆ ಹುಷಾರಿರಲಿಲ್ಲ. ಅಕ್ಕ ಎರಡು ಸಲ ಕೇಳಿದಳು, ಎರಡು ಸಲವೂ ಸಿಡುಕಿದೆ. ದೀಪಾವಳಿಗೆ ವಾರ ಇರುವಾಗ ಶ್ರೀರಂಗಪಟ್ಟಣದ ಲಾಯರು ಸಿದ್ದರಾಜು ಅವರಲ್ಲಿಗೆ ಹೋದೆ. ಅವರು ಕೋರ್ಟಿನಲ್ಲಿ ಕೇಸಿನ ಕಾಗದದ ನಕಲಿಗೆ ಅರ್ಜಿ ಹಾಕಿಸಿ, ಹದಿನೈದು ದಿನ ಬಿಟ್ಟು ಬರಹೇಳಿದರು.

ಮತ್ತೆ ಹೋದಾಗ ನಕಲು ಬಂದಿತ್ತು. ಸಿದ್ದರಾಜು ಕನ್ನಡಕ ಏರಿಸಿಕೊಂಡು ಓದಿ ಹೇಳಿದರು. ಜುಲೈ ಹತ್ತಕ್ಕೆ ತೀರ್ಪು. ಎಕರೆಗೆ ಐವತ್ತೆಂಟು ಸಾವಿರ, ಮೇಲೆ ಬಡ್ಡಿ. ಸರ್ಕಾರ ಅಪೀಲು ಹಾಕದೆ ಆಗಸ್ಟಿನಲ್ಲೇ ಚೆಕ್ಕು ಕೊಟ್ಟಿದೆ.

“ಅಂಗಾರೆ ನಮ್ಮಕ್ಕನಿಗೂ ಬತ್ತದೆ ಅನ್ನಿ.”

“ಬರೋದು. ಒಬ್ಬನಿಗೆ ಕೋರ್ಟು ಜಾಸ್ತಿ ಮಾಡಿದರೆ, ಅದೇ ನಾಲೆಗೆ ಭೂಮಿ ಕೊಟ್ಟ ಮಿಕ್ಕವರೂ ಅದೇ ದರ ಕೇಳಬಹುದು. ಲಾಯರೂ ಬೇಡ. ಒಂದು ಬಿಳೀ ಹಾಳೆ ಮೇಲೆ ಅರ್ಜಿ ಬರೆದು ಆಫೀಸಿಗೆ ಕೊಟ್ಟರೆ ಸಾಕು. ಆದರೆ ತೀರ್ಪು ಆದ ಮೂರು ತಿಂಗಳೊಳಗೆ ಕೊಡಬೇಕು.”

ನಾನು ಬೆರಳು ಮಡಿಸಿ ಎಣಿಸಿದೆ. ಅಕ್ಟೋಬರ್ ಹತ್ತು. ಆವತ್ತಿಗೆ ಅಕ್ಟೋಬರ್ ಮೂವತ್ತು.

“ಗೊತ್ತಾಗಿದ್ರಲ್ವಾ ಸಾಮಿ ಕೊಡಾದು? ಯಾರಾದ್ರೂ ಏಳುದ್ರಾ?”

“ಹೇಳಬೇಕು ಅಂತ ಎಲ್ಲೂ ಬರೆದಿಲ್ಲ ಶಿವಣ್ಣ.” ಅವರು ಕಾಗದ ಮಡಿಸಿದರು. “ನೀವು ಆಫೀಸಿಗೆ ಹೋದೆ ಅಂದ್ರಲ್ಲ, ಆವತ್ತಿಗೆ ಇನ್ನೂ ಹನ್ನೊಂದು ದಿನ ಇತ್ತು.”

ಬಸ್ಸಿಳಿದವನು ನೇರ ಮಹದೇವಸ್ವಾಮಿ ಮನೆಗೆ ಹೋದೆ. ಅವನು ಅಡಗಿಕೊಳ್ಳಲಿಲ್ಲ. ಚಾಪೆ ಹಾಕಿಸಿದ. ನಾನು ಕೂರಲಿಲ್ಲ.

“ಬಾಯಿ ಬುಟ್ಟು ಒಂದ್ ಮಾತು ಏಳಾಕೆ ಏನಾಗಿತ್ಲಾ ನಿಂಗೆ? ಒಂದ್ ಹಾಳೆ ಅರ್ಜಿ ಕಣ್ಲಾ.”

“ಕೇಸ್ ನಡ್ಸಿದ್ ಲಾಯರು ಏಳ್ಬ್ಯಾಡ ಅಂದ್ರು. ಊರೆಲ್ಲ ಅರ್ಜಿ ಆಕುದ್ರೆ ಸರ್ಕಾರ ಐಕೋರ್ಟಿಗೆ ಓಗ್ತದೆ, ನಿನ್ ದುಡ್ಡೂ ಅತ್ತು ವರ್ಸ ನಿಂತೋಗ್ತದೆ ಅಂದ್ರು. ಎಂಟು ವರ್ಸ ತಿರುಗಿವ್ನಿ ಸಿವಣ್ಣ, ಚಪ್ಪಲಿ ಸವೆಸಿವ್ನಿ. ನೀನಾಗಿದ್ರೆ ಏಳ್ತಿದ್ದಾ?”

“ಏಳ್ತಿದ್ದೆ.”

“ಒಂದ್ ಎಸ್ರು ಸಾಕು ಅಂದೋನು ನೀನೇಯ. ನಾನಲ್ಲ.”

ಕಪಾಳಕ್ಕೆ ಬಿಡಲು ಎತ್ತಿದ ಕೈಯನ್ನು ಅವನ ಹೆಂಡತಿ ಹಿಡಿದುಕೊಂಡಳು. ಹೇಳುತ್ತಿದ್ದೆ ಎಂದೆ ನಿಜ. ಹೇಳುತ್ತಿದ್ದೆನೋ ಇಲ್ಲವೋ ಈಗ ಯಾರಿಗೆ ಗೊತ್ತು.

ಮರುದಿನ ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಮೊದಲೇ ಡೈರಿಗೆ ಹೋದೆ. ಅಲ್ಲಿ ಗೋಡೆಗೆ ಒಂದು ಕರಿಹಲಗೆ ಇದೆ. ಯಾರು ಎಷ್ಟು ಲೀಟರು ಹಾಕಿದರು, ಫ್ಯಾಟು ಎಷ್ಟು ಬಂತು, ಎಲ್ಲವನ್ನೂ ದಿನಾ ಬರೆಯುತ್ತಾರೆ. ಯಾರು ನೀರು ಬೆರೆಸಿದರು ಎಂಬುದೂ ಊರಿಗೆಲ್ಲ ತಿಳಿಯುತ್ತದೆ. ಅದನ್ನು ಒರೆಸಿ ದೊಡ್ಡಕ್ಷರದಲ್ಲಿ ಬರೆದೆ. ಮಹದೇವಸ್ವಾಮಿಗೆ ಸರ್ಕಾರ ಕೊಟ್ಟ ದರ, ಕೊಟ್ಟ ತಿಂಗಳು. ಮಿಕ್ಕ ಹದಿಮೂರು ಮನೆಯವರು ಅರ್ಜಿ ಹಾಕಬೇಕಾಗಿದ್ದ ಕಡೆಯ ದಿನ. ಕೆಳಗೆ, ಒಂದು ಹೆಸರು ಸಾಕು ಎಂದವನು ಶಿವಣ್ಣ ಎಂದೂ ಬರೆದೆ. ಬರೆಯುವಾಗ ಎರಡು ಸಲ ಸೀಮೆಸುಣ್ಣ ಮುರಿಯಿತು.

ಕ್ಯಾನು ಹಿಡಿದು ಬಂದವರು ಸಾಲಾಗಿ ನಿಂತು ಓದಿದರು. ಮೊದಲು ಮಾತಾಡಿದವನು ಮಂಚಯ್ಯ. ಅವನದು ಮೂವತ್ತು ಗುಂಟೆ ಹೋಗಿತ್ತು.

“ನಡೀರಿ ಮತ್ತೆ, ಈಗ್ಲೇ ಅರ್ಜಿ ಆಕಣ.”

“ಆಗಕಿಲ್ಲ. ದಿನ ಮುಗಿದೋಗದೆ.”

“ಅಂಗಾರೆ ಇದ್ನ ಯಾಕ್ಲಾ ಬರ್ದೆ? ಒಟ್ಟೆ ಉರ್ಸಾಕಾ?”

“ಗೊತ್ತಾಗ್ಲಿ ಅಂತ.”

“ಗೊತ್ತಾಗಿ ಏನ್ ಮಾಡಾನ? ಉಪ್ಪಾಕ್ಕಂಡು ನೆಕ್ಕಾನಾ?” ಎಂದು ಅವನು ಕ್ಯಾನನ್ನು ದಡ್ಡನೆ ಕಟ್ಟೆಯ ಮೇಲೆ ಇಟ್ಟ. ಯಾರೋ ನಕ್ಕರು. ಮಹದೇವಸ್ವಾಮಿಯನ್ನು ಯಾರೂ ಬೈಯಲಿಲ್ಲ. ನಾಳೆ ಕಬ್ಬು ಕಡಿಸಲು, ಸಾಲ ಕೇಳಲು ಅವನು ಬೇಕು.

ಅಕ್ಕ ಹಿಂದೆ ನಿಂತಿದ್ದಳು. ಅವಳಿಗೆ ಓದು ಬಾರದು. “ಅದ್ರಾಗೆ ನನ್ನೆಸ್ರು ಎಲ್ಲೈತಲಾ?” ಎಂದಳು.

“ಇಲ್ಲ ಕಣಕ್ಕ.”

“ಐವತ್ತು ರೂಪಾಯಿ ಕೊಟ್ಟಿದ್ನಲ್ಲ. ಅದ್ನೂ ಬರ್ಕಂಡಿಲ್ವಾ?”

ಅಷ್ಟರಲ್ಲಿ ಡೈರಿ ಸೆಕ್ರೆಟರಿ ಬಂದು, ಫ್ಯಾಟು ಬರೆಯಲು ಜಾಗ ಬೇಕೆಂದು ಒದ್ದೆ ಬಟ್ಟೆಯಲ್ಲಿ ಹಲಗೆ ಒರೆಸಿದ. ಅಕ್ಕನ ಹಾಲು ಅಳೆಯುವ ಸರದಿ ಬಂದಿತ್ತು, ಅಳೆಸಿಕೊಂಡು ಹೊರಟಳು.

ನಾಲ್ಕನೇ ದಿನ ಬೆಳಿಗ್ಗೆ ಅಕ್ಕ ಸೀರೆ ಎತ್ತಿ ಕಟ್ಟಿ, ಬುತ್ತಿ ಹಿಡಿದು ಹೊರಟಿದ್ದಳು. ಎಲ್ಲಿಗೆ ಎಂದೆ.

“ಮರಿಯಯ್ಯನ ಗದ್ದೆಗೆ. ಕಬ್ಬು ನಾಟಿ ಮಾಡುಸ್ತಾವ್ರೆ.”

“ಅದು ಈಗ ಮರಿಯಯ್ಯನ್ದಲ್ಲ. ಅವ್ನ ಗದ್ದೇಲಿ ಕೂಲಿ ಮಾಡೀಯಾ? ಓಗ್ಬ್ಯಾಡ.”

“ಇಪ್ಪತ್ತು ರೂಪಾಯಿ ಕೊಡ್ತಾನಂತೆ” ಎಂದಳು. “ಸಂಜೆಗೆ ಎಲ್ರ ಮುಂದೇನೇ ಎಣ್ಸಿ ಕೊಡ್ತಾನೆ ಕಣ್ಲಾ.”

ಕೆರೆ ಏರಿಯ ಮೇಲೆ ನಾಟಿಯ ಹೆಂಗಸರು ಆಗಲೇ ಹೋಗುತ್ತಿದ್ದರು. ಅವಳು ಬೇಗ ಬೇಗ ಹೆಜ್ಜೆ ಹಾಕಿ ಅವರ ಜೊತೆ ಸೇರಿಕೊಂಡಳು.