ಸೋರಿಕೆ ನಿಂತ ಮೇಲೆ

“ಏಯ್ ಕಿಡಿ, ನಿನಗೆ ಸಂಬಳ ಕೊಡೋದು ವೆಲ್ಡಿಂಗಿಗೋ, ಕಕ್ಕಸು ಕಾಯೋದಕ್ಕೋ?”

ಗ್ರೈಂಡರ್ ಸದ್ದು ನಿಂತ ಗಳಿಗೆ ನೋಡಿಯೇ ಫೋರ್‌ಮನ್ ಕೂಗಿದ್ದ. ಶೆಡ್ಡಿನ ಒಂಬತ್ತೂ ಜನ ಹಲ್ಲು ಕಿರಿದರು. ಕಿಡಿ ಅಂತ ಅಡ್ಡಹೆಸರು ಬಿದ್ದಿದ್ದ ವೆಲ್ಡರ್ ತಲೆ ತಗ್ಗಿಸಿ ಬಂದು ಪೈಪಿನ ಮುಂದೆ ಕೂತ. ಮರ್ಯಾದೆ ಹೋದದ್ದು ಒತ್ತಟ್ಟಿಗಿರಲಿ, ಈಗಷ್ಟೇ ಕಕ್ಕಸಿನಲ್ಲಿ ಮತ್ತೆ ರಕ್ತ ಕಂಡಿತ್ತು. ಕೈಗವಸು ಏರಿಸಿಕೊಂಡ.

ಆರು ವರ್ಷದ ಹಿಂದೆ ದೊಡ್ಡ ಕರುಳಲ್ಲಿ ಹುಣ್ಣಾಗಿತ್ತು. ರಕ್ತ ನಿಂತರೂ ಮಾತ್ರೆ ನಿಲ್ಲಿಸಬೇಡಿ, ತಪಾಸಣೆಗೆ ಬರ್ತಾ ಇರಿ ಅಂದಿದ್ದರು ಡಾಕ್ಟರಮ್ಮ. ಇವನು ಕೇಳಬೇಕಲ್ಲ! ಈ ಶೆಡ್ಡಿನಲ್ಲಿ ಬೆಸೆದ ಪೈಪಿನ ಎರಡೂ ಬಾಯಿ ಮುಚ್ಚಿ, ನೀರು ತುಂಬಿ ಒತ್ತಡ ಕೊಡುತ್ತಾರೆ. ಅರ್ಧ ಗಂಟೆ ಒಂದು ಹನಿಯೂ ಜಿನುಗದಿದ್ದರೆ ಸೀಮೆಸುಣ್ಣದಲ್ಲಿ ಗೀಟು. ಆಮೇಲೆ ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ತನ್ನ ಕರುಳಿಗೂ ಅದೇ ಲೆಕ್ಕ ಹಾಕಿದ್ದ. “ಸೋರ್ತಿಲ್ಲ ಅಂದ್ಮೇಲೆ ಮುಗೀತು ಕಣೇ” ಅಂತ ತಂಗಿಯ ಬಾಯಿ ಮುಚ್ಚಿಸಿದ್ದ.

ಹೋದ ವಾರ ಮತ್ತೆ ರಕ್ತ ಕಂಡು ಆಸ್ಪತ್ರೆಗೆ ಹೋದಾಗ, ಕರುಳೊಳಗೆ ಕ್ಯಾಮೆರಾ ತೂರಿಸಿ, ಒಂದು ಚೂರು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಕರುಳಿನ ಒಳಪದರ ವಾರದೊಳಗೆ ಪೂರ್ತಿ ಹೊಸದಾಗುತ್ತೆ. ಅದರ ಸಣ್ಣ ಗುಳಿಗಳ ತಳದಲ್ಲಿ ಸ್ಟೆಮ್ ಸೆಲ್ ಅನ್ನೋ ಮೂಲ ಜೀವಕೋಶಗಳು ಇರ್ತವೆ, ರಿಪೇರಿ ಕೆಲಸ ಅವುಗಳದ್ದೇ. ಹುಣ್ಣಾದಾಗ ಇನ್ನೂ ಜಾಸ್ತಿ ದುಡೀತವೆ.”

“ಒಳ್ಳೇದೇ ಅಲ್ವಾ ಮೇಡಂ?”

“ಒಳ್ಳೇದೇ. ಆದ್ರೆ ನಿಮಗೆ ರಕ್ತ ನಿಂತಿದ್ರೂ ಒಳಗೆ ಉರಿ ಆರಿರಲಿಲ್ಲ. ವರ್ಷಗಟ್ಟಲೆ ಬಿಡುವಿಲ್ಲದೆ ಒಂದು ಸೆಲ್ ಎರಡಾಗ್ತಾ ಹೋದ್ರೆ ಯಾವುದೋ ಒಂದರಲ್ಲಿ ತಪ್ಪು ಸೇರಬಹುದು. ಅಂಥ ತಪ್ಪು ಒಂದರ ಮೇಲೊಂದು ಕೂಡಿದ್ರೆ ಆ ಸೆಲ್‌ಗೆ ಬೆಳೆಯೋದು ನಿಲ್ಲಿಸೋದೇ ಮರೆತುಹೋಗುತ್ತೆ. ಕ್ಯಾನ್ಸರ್ ಶುರುವಾಗೋದು ಹಾಗೆ.”

ಅವತ್ತಿಂದ ಹೊಟ್ಟೆಯೊಳಗೆ ಯಾರೋ ಕೂತು, ಸಾಕು ಅಂದರೂ ಕೇಳದೆ, ಬೆಸುಗೆ ಮೇಲೆ ಬೆಸುಗೆ ಪೇರಿಸುತ್ತಿದ್ದಾರೆ ಅನಿಸುತ್ತಿತ್ತು.

ಜೇಬಿನಲ್ಲಿ ಫೋನ್ ಗುಯ್‌ಗುಟ್ಟಿತು. ತಂಗಿ.

“ಅಣ್ಣಾ, ಆಸ್ಪತ್ರೆಯಿಂದ ಫೋನ್ ಬಂದಿತ್ತು. ರಿಪೋರ್ಟ್ ಬಂದಿದೆಯಂತೆ.”

“ಏನಂತೆ?”

“ಹೇಳ್ಲಿಲ್ಲ. ಮನೆಯವರನ್ನ ಕರ್ಕೊಂಡು ಇವತ್ತೇ ಬನ್ನಿ ಅಂದ್ರು. ನಾನು ನಿಮ್ಮ ಗೇಟ್ ಹತ್ರಾನೇ ಇದೀನಿ.”

ಒಳ್ಳೇ ಸುದ್ದಿಗೆ ಮನೆಯವರು ಯಾಕೆ? ನಾಳೆ ಹೋದರಾಯಿತು ಅಂತ ಒಂದು ಮನಸ್ಸು. ಆರು ವರ್ಷ ಹಾಗೇ ನಾಳೆ ನಾಳೆ ಅಂದು ಹಾಳು ಮಾಡಿಕೊಂಡಿದ್ದು ಸಾಲದೇ, ಮುಠ್ಠಾಳ! ಕೈಗವಸು ಕಿತ್ತು ಬೆಂಚಿನ ಮೇಲೆ ಎಸೆದ.

“ಮತ್ತೆ ಹೊರಟ್ಯಾ?” ಫೋರ್‌ಮನ್ ದಾರಿಗೆ ಅಡ್ಡ ನಿಂತ. “ಮಗುವಿಗೆ ಕಟ್ಟೋ ಚಡ್ಡಿ ತರಿಸ್ಲೇನೋ?”

ಮತ್ತೆ ನಗು. ಒಂದೇ ಒಂದು ಮಾತು ಸಾಕಿತ್ತು, ಇವರೆಲ್ಲರ ಬಾಯಿಗೆ ಬೀಗ ಬೀಳುತ್ತಿತ್ತು. ಆದರೆ ತನ್ನ ಬಾಯಿಂದ ಆ ರೋಗದ ಹೆಸರು ಹೊರಬಿದ್ದರೆ ನಿಜವೇ ಆಗಿಬಿಟ್ಟೀತು ಎಂಬ ಭಯ. ಹಲ್ಲು ಕಚ್ಚಿ, ಅವನ ಪಕ್ಕದಿಂದಲೇ ಸರಿದು, ಗೇಟಿನ ಕಡೆ ನಡೆದ.