ಹೊಸಬರ ಕುರ್ಚಿ

ಒಂದೇ ಫಿನಾಯಿಲ್ ವಾಸನೆಗೆ ಆ ಮನೆಯಲ್ಲಿ ಎರಡು ಹೆಸರು. ದೊಡ್ಡ ಸೊಸೆಯ ಮೈಯಿಂದ ಬಂದರೆ ಅದು ನಾತ; ಹೊಸಿಲು ದಾಟುವ ಮೊದಲೇ ಅತ್ತೆ ಬಚ್ಚಲಿನ ಕಡೆ ಬೆರಳು ತೋರಿಸುತ್ತಿದ್ದರು. ಚಿಕ್ಕ ಸೊಸೆಯ ಮೈಯಿಂದ ಬಂದರೆ ಅದು ಸಂಶೋಧನೆ. ಪಾಪ, ಓದಿಗೋಸ್ಕರ ಎಷ್ಟೆಲ್ಲ ಕಷ್ಟ ಪಡ್ತಾಳೆ ಎಂದು ಅದೇ ಅತ್ತೆ ಬಿಸಿನೀರು ಕಾಯಿಸಿಡುತ್ತಿದ್ದರು. ಇಬ್ಬರೂ ಬರುತ್ತಿದ್ದದ್ದು ಒಂದೇ ಕಡೆಯಿಂದ, ಜನ ಸಾಕಿ ಸಾಕಾಗಿ ಬಿಟ್ಟುಹೋದ ನಾಯಿ-ಬೆಕ್ಕುಗಳ ಆಶ್ರಯಧಾಮದಿಂದ.

ದೊಡ್ಡವಳು ಮದುವೆಯಾದ ವರ್ಷದಿಂದ ಅಲ್ಲಿ ಗೂಡು ತೊಳೆಯುತ್ತಿದ್ದಳು. ಚಿಕ್ಕವಳು, ಅವಳ ಮೈದುನನ ಹೆಂಡತಿ, ವಿಶ್ವವಿದ್ಯಾಲಯದವಳು. ಕೈಬಿಟ್ಟ ನಾಯಿಗಳು ಮತ್ತೆ ಹೊಸ ಮನುಷ್ಯರನ್ನು ನಂಬುತ್ತವೆಯೇ ಎಂಬ ವಿಷಯ ಹಿಡಿದು ಈಚೆಗೆ ಬಂದಿದ್ದಳು. ಬಂದ ದಿನವೇ ಮ್ಯಾನೇಜರು ಎದ್ದು ಕುರ್ಚಿ ಎಳೆದುಕೊಟ್ಟರು. ಆ ಕಟ್ಟಡದಲ್ಲಿ ಯಾವ ಕುರ್ಚಿಯ ಕಾಲು ಅಲುಗುತ್ತದೆ, ಯಾವುದರ ಬೆನ್ನು ಸೀಳಿದೆ ಎಂಬುದು ಒರೆಸಿ ಒರೆಸಿ ದೊಡ್ಡವಳಿಗೆ ಗೊತ್ತಿತ್ತು. ಕೂತು ಗೊತ್ತಿರಲಿಲ್ಲ.

ಕುರ್ಚಿ ಹಾಳಾಗಲಿ. ಅತ್ತೆಯನ್ನೂ ಅವಳೇ ಇಟ್ಟುಕೊಳ್ಳಲಿ. ಆದರೆ ಸಿಡುಕ ತನ್ನೊಬ್ಬಳವನು. ಯಾರೋ ಕಾರಿನಿಂದ ಇಳಿಸಿ ಗೇಟಿಗೆ ಕಟ್ಟಿ ಹೋಗಿದ್ದ ಕಂದು ನಾಯಿ. ಕಾವಲುಗಾರನ ಮೊಣಕೈಗೂ ದಾನ ಕೊಡಲು ಬಂದ ದೊಡ್ಡ ಮನುಷ್ಯರ ಪ್ಯಾಂಟಿಗೂ ಭೇದವಿಲ್ಲದೆ ಬಾಯಿ ಹಾಕಿದವನು. ಅವಳು ಬಕೆಟ್ಟು ಇಟ್ಟು ಕುಕ್ಕರಿಸಿದರೆ ಮಾತ್ರ ಬಂದು ಅವಳ ತೊಡೆಗೆ ಗದ್ದ ಊರುತ್ತಿದ್ದ. ಮನೆಯ ಭಾರವೆಲ್ಲ ಅವಳ ಮೇಲೇ ಇತ್ತು. ಹೊರಬೇಕೆನಿಸಿದ ಭಾರ ಇದೊಂದೇ.

ಚಿಕ್ಕವಳು ದಿನಾ ಆ ಗೂಡಿನ ಮುಂದೆ ಚಾಪೆ ಹಾಸಿ ಕೂತು, ಬಿಸ್ಕತ್ತು ಮುರಿದು ಕಂಬಿಯ ಸಂದಿನಲ್ಲಿ ತೂರಿಸತೊಡಗಿದಳು. ಮೊದಮೊದಲು ಗುರುಗುಟ್ಟಿದ. ಆಮೇಲೆ ಸುಮ್ಮನಾದ. ಒಂದು ಮಧ್ಯಾಹ್ನ ದೊಡ್ಡವಳು ನೀರಿನ ಪೈಪು ಎಳೆದುಕೊಂಡು ಮೂಲೆ ತಿರುಗಿದಾಗ ಸಿಡುಕನ ಬಾಲ ಅಲ್ಲಾಡುತ್ತಿತ್ತು. ಅವಳ ಕಡೆಗಲ್ಲ.

ಓದು ಅವಳದು, ಹೊಗಳಿಕೆ ಅವಳದು, ತಾನು ಕಟ್ಟಿಕೊಂಡ ಗಂಡನೂ ಅವಳನ್ನ ನೋಡಿ ಕಲಿ ಅನ್ನುವವನು. ಅನ್ನ ಹಾಕಿದ ಕೈ ಬಿಟ್ಟು ಬಿಸ್ಕತ್ತು ತೋರಿಸಿದ ಕೈ ನೆಕ್ಕುವ ಬುದ್ಧಿ ನಾಯಿಗೂ ಬಂತೇ? ಅಂದು ತಟ್ಟೆಯನ್ನು ಕುಕ್ಕಿ ಇಟ್ಟಳು, ಕುಕ್ಕರಿಸಲಿಲ್ಲ. ಹೋಗು, ಓದಿದೋರ ತೊಡೆ ಮೆತ್ತಗಿರತ್ತೆ ಎಂದು ಸಿಡುಕನನ್ನೇ ಮೂದಲಿಸಿದಳು.

ಚಿಕ್ಕವಳ ಸಂಶೋಧನೆಯ ಪರೀಕ್ಷೆಯ ದಿನ ಬಂತು; ನೋಡಲು ಅವಳ ಪ್ರೊಫೆಸರೂ ಬಂದಿದ್ದರು. ಜಾಲರಿ ಹಾಕಿದ ಅಂಗಳದಲ್ಲಿ ಎರಡು ಕುರ್ಚಿ. ಒಂದು ಹಳಬರದು, ಅಲ್ಲಿ ದೊಡ್ಡವಳು. ಒಂದು ಹೊಸಬರದು, ಅಲ್ಲಿ ಚಿಕ್ಕವಳು. ನಾಯಿಯನ್ನು ಬಿಟ್ಟರೆ ಅದು ಯಾರ ಹತ್ತಿರ ಹೋಗುತ್ತದೆಂದು ನೋಡುವುದು; ಕರೆಯಬಾರದು, ಕೈ ಚಾಚಬಾರದು. ಅಂಗಳಕ್ಕಿಳಿಯುವವರು ಕೋಟು ಹಾಕಲೇಬೇಕೆಂಬ ನಿಯಮವಿತ್ತು. ಚಿಕ್ಕವಳ ಕೋಟು ಮನೆಯ ಹಗ್ಗದ ಮೇಲೆ ಇನ್ನೂ ಒದ್ದೆ. ಒಂದು ಕೋಟಿದ್ದರೆ ಕೊಡಿ ಅಕ್ಕ ಎಂದು ಕೇಳಿದಳು.

ಗೂಟದಲ್ಲಿ ಕಾಂಪೌಂಡರನ ಕೋಟು ತೂಗುತ್ತಿತ್ತು. ಯಾರಿಗೂ ಬೇಡವೆಂದು ತೀರ್ಮಾನವಾದ ನಾಯಿಗಳನ್ನು ಹಿಂದಿನ ಸಾಲಿಗೆ ಹಾಕುತ್ತಿದ್ದರು. ಅಲ್ಲಿ ಕೊನೆಯ ಸೂಜಿ ಚುಚ್ಚುವವನು ಅವನೇ. ಆ ಕೋಟಿನ ಗಾಳಿ ಸೋಕಿದರೆ ಸಾಕು, ಪುಂಡ ನಾಯಿಗಳೂ ಗೋಡೆಗೆ ಅಂಟುತ್ತಿದ್ದವು. ಸಿಡುಕ ಮಾತ್ರ ಹಲ್ಲು ತೋರಿಸಿ ಗುರುಗುಟ್ಟುತ್ತಿದ್ದ. ದೊಡ್ಡವಳು ಅದನ್ನೇ ತೆಗೆದಳು. ತೋಳು ತೊಡಿಸಿ, ಗುಂಡಿಯನ್ನೂ ತಾನೇ ಹಾಕಿದಳು.

"ನಿಮ್ಮಂಥ ಅಕ್ಕ ಸಿಗ್ಬೇಕಂದ್ರೆ ಪುಣ್ಯ ಮಾಡಿರ್ಬೇಕು" ಅಂದಳು ಚಿಕ್ಕವಳು.

"ಸಿಕ್ಕಿದೀನಲ್ಲ" ಅಂದಳು ದೊಡ್ಡವಳು.

ಪ್ರೊಫೆಸರ ಎದುರಿಗೇ ಸಿಡುಕ ಆ ಕೋಟಿಗೆ ಗುರುಗುಟ್ಟಬೇಕು. ತಿರುಗಿ ಬಂದು ತನ್ನ ತೊಡೆಗೆ ಗದ್ದ ಊರಬೇಕು. ಬದುಕಿನಲ್ಲಿ ಒಂದೇ ಒಂದು ಸಲ ಯಾರಾದರೂ ತನ್ನನ್ನು ಆರಿಸಿದ್ದನ್ನು ನಾಲ್ಕು ಜನ ನೋಡಲಿ. ಅವಳು ಕುರ್ಚಿಯಲ್ಲಿ ಕೂತಳು. ಕಾಲು ಅಲುಗುವ ಕುರ್ಚಿಯೇ ಅವಳಿಗೆ ಬಂದಿತ್ತು.

ಜಾಲರಿಯಾಚೆ ಮ್ಯಾನೇಜರು ಪ್ರೊಫೆಸರಿಗೆ ವಿವರಿಸುತ್ತಿದ್ದರು. ಜಾಗ ಸಾಲುತ್ತಿಲ್ಲ; ಯಾವುದನ್ನು ಇಟ್ಟುಕೊಳ್ಳುವುದು, ಯಾವುದನ್ನು ಮುಗಿಸುವುದು ಎಂಬುದು ಇಷ್ಟು ದಿನ ಕಣ್ಣಂದಾಜಿನ ಮೇಲೆ ನಡೆಯುತ್ತಿತ್ತು; ಈಗ ನಿಮ್ಮ ವಿದ್ಯಾರ್ಥಿನಿಯ ಪರೀಕ್ಷೆ ಇದೆ, ವಿಜ್ಞಾನವೇ ಹೇಳಿಬಿಡುತ್ತದೆ. ಹೊಸಬರ ಹತ್ತಿರ ಹೋದ ನಾಯಿ ಮುಂದಿನ ಸಾಲಿಗೆ, ದತ್ತು ಕೊಡಲು. ಹಳಬರಿಗೇ ಅಂಟಿಕೊಂಡದ್ದು ಇವತ್ತೇ ಹಿಂದಿನ ಸಾಲಿಗೆ. ಪ್ರೊಫೆಸರು ತಲೆಯಾಡಿಸಿದರು. ಲೋಕ ನಡೆಯುವುದೇ ಹೀಗೆ: ಒಬ್ಬರು ತಿಳಿಯಲೆಂದು ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರು ತೀರ್ಪು ಮಾಡಿಕೊಳ್ಳುತ್ತಾರೆ; ಶಿಕ್ಷೆ ಮಾತ್ರ ಪ್ರಶ್ನೆಯೇ ಗೊತ್ತಿಲ್ಲದವನಿಗೆ.

ಚಿಕ್ಕವಳ ಮುಖ ಬಿಳಿಚಿಕೊಂಡಿತು. ತನ್ನ ಪರೀಕ್ಷೆ ಇದಕ್ಕೆ ಬಳಕೆಯಾಗುತ್ತದೆಂದು ಅವಳಿಗೂ ತಿಳಿದಿರಲಿಲ್ಲ. ದೊಡ್ಡವಳು ಅದನ್ನು ಕಂಡಳು. ಕಾಣದಿದ್ದರೆ ಚೆನ್ನಾಗಿತ್ತು; ದ್ವೇಷ ಮಾಡುವುದು ಸುಲಭವಾಗುತ್ತಿತ್ತು.

ಕಾವಲುಗಾರ ಆಗಲೇ ಸಿಡುಕನ ಬಾಗಿಲಿನ ಚಿಲಕಕ್ಕೆ ಕೈ ಹಾಕಿದ್ದ. ಬಿಟ್ಟರೆ ಅವನು ತನ್ನ ಹತ್ತಿರವೇ ಬರುತ್ತಾನೆ. ಬಂದರೆ ಸಾಯುತ್ತಾನೆ.

ತಡಿ ಎಂದು ಕಾವಲುಗಾರನಿಗೆ ಕೈ ಎತ್ತಿ ದೊಡ್ಡವಳು ಎದ್ದಳು. ತೊಡೆಯ ಮೇಲೆ ಸಿಡುಕನ ಜೊಲ್ಲಿನ ಕಲೆ ಕೂತುಹೋಗಿದ್ದ ತನ್ನ ಕೋಟನ್ನು ಬಿಚ್ಚಿದಳು.

"ಅದನ್ನ ತೆಗಿ. ಇದನ್ನ ಹಾಕ್ಕೋ."

"ಅಕ್ಕ, ನಿಮ್ಮ ವಾಸನೆಗೆ ಅವನು ಬಂದ್ರೆ ಪರೀಕ್ಷೆ ಸುಳ್ಳಾಗತ್ತೆ."

"ಆಗ್ಲೇ ಸುಳ್ಳಾಗಿದೆ. ಅದು ಕಾಂಪೌಂಡರಂದು. ಬೇಕಂತ್ಲೇ ಕೊಟ್ಟೆ."

ಚಿಕ್ಕವಳು ಅವಳ ಮುಖವನ್ನೇ ನೋಡಿದಳು. ಆಮೇಲೆ ಗುಂಡಿ ಬಿಚ್ಚಿ, ಅಕ್ಕನ ಕೋಟು ತೊಟ್ಟಳು. ದೊಡ್ಡವಳು ಕಾಂಪೌಂಡರನ ಕೋಟನ್ನು ಸುತ್ತಿ ಜಾಲರಿಯ ಮೇಲಿಂದ ಮ್ಯಾನೇಜರ ಕಾಲಬುಡಕ್ಕೆ ಎಸೆದಳು. ಅದೇನೆಂದು ಅವರು ಕೇಳಿದ್ದಕ್ಕೆ, ಕೊಳೆ ಸಾರ್ ಅಂದಳು. ಗೂಡು ತೊಳೆಯುವವಳ ಮೈಮೇಲೆ ಕೋಟಿಲ್ಲದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಸಿಡುಕ ಬಂದ. ಅಂಗಳದ ನಡುವೆ ನಿಂತು ದೊಡ್ಡವಳನ್ನು ನೋಡಿ ಅವಳ ಕಡೆಗೇ ಹೆಜ್ಜೆ ಇಟ್ಟ. ಅವಳು ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಮುಖ ತಿರುಗಿಸಿದಳು, ಅತ್ತೆ ತನಗೆ ತಿರುಗಿಸುವ ಹಾಗೆಯೇ. ಅದನ್ನು ನೋಡಿ ನೋಡಿ ಅವಳಿಗೆ ಚೆನ್ನಾಗಿ ಪಾಠವಾಗಿತ್ತು. ಸಿಡುಕ ತಬ್ಬಿಬ್ಬಾಗಿ ಗಾಳಿ ಮೂಸಿದ. ಹೊಸಬರ ಕುರ್ಚಿಯತ್ತ ಹೋಗಿ ಕೋಟನ್ನು ಮೇಲಿಂದ ಕೆಳಗೆ ಮೂಸಿ, ಆ ಕಲೆಯ ಮೇಲೆಯೇ ಗದ್ದ ಊರಿದ. ಭೇಷ್, ಮುಂದಿನ ಸಾಲು ಎಂದು ಮ್ಯಾನೇಜರು ಕೂಗಿದರು. ದೊಡ್ಡವಳಿಗೆ ತನ್ನ ಕೋಟಿನ ಮೇಲೆಯೇ ಹೊಟ್ಟೆಕಿಚ್ಚಾಯಿತು.

ಅವತ್ತು ಉಳಿದ ನಾಯಿಗಳನ್ನು ಅಂಗಳಕ್ಕೆ ಬಿಡಲು ಚಿಕ್ಕವಳು ಒಪ್ಪಲಿಲ್ಲ. ಸಂಜೆ ಬಸ್ಸಿಗೆ ಕಾಯುವಾಗ ಹೇಳಿದಳು: ಸಿಡುಕನನ್ನು ತನ್ನ ಪ್ರಬಂಧಕ್ಕೆ ಸೇರಿಸುವುದಿಲ್ಲ, ಈ ಪರೀಕ್ಷೆಯ ಮೇಲೆ ಯಾವ ನಾಯಿಯನ್ನೂ ಕೊಲ್ಲುವಂತಿಲ್ಲವೆಂದು ಪ್ರೊಫೆಸರೆದುರಿಗೇ ಜಗಳವಾಡುವುದೇ ಸರಿ, ಪದವಿ ಹೋದರೆ ಹೋಗಲಿ. ಕೋಟಿನ ವಿಷಯ ಮನೆಯಲ್ಲಿ ಬಾಯಿ ಬಿಡುವುದಿಲ್ಲ.

ಒಳ್ಳೆಯತನದಲ್ಲೂ ಇವಳೇ ಮೇಲಾದಳಲ್ಲ ಎಂದು ದೊಡ್ಡವಳು ಹಲ್ಲು ಕಚ್ಚಿದಳು. ಮುಂದಿನ ಸಾಲಿಗೆ ಹೋದ ನಾಯಿ ಇನ್ನು ಯಾರದೋ ಮನೆಯದು.

ಚಿಕ್ಕವಳ ಮೈಮೇಲೆ ಆ ಕೋಟು ಇನ್ನೂ ಇತ್ತು. "ಒಗೆದು ಕೊಡ್ತೀನಿ ಅಕ್ಕ" ಅಂದಳು.

"ಬಂದ್ಲು ನೋಡು ಒಗೆಯೋಳು. ಕೊಡು ಇಲ್ಲಿ."

ಕಸಿದುಕೊಂಡು, ಕಲೆ ಒಳಗೆ ಬರುವ ಹಾಗೆ ಮಡಚಿದಳು.