ಬೆರಳಲ್ಲಿ ಉಳಿದದ್ದು

ಒಂದು ಮುಖಕ್ಕೆ ಕ್ರೀಮು ಹಚ್ಚಿ ಮುಗಿದ ಮೇಲೆ ಬೆರಳ ತುದಿಯಲ್ಲಿ ಉಳಿಯುವ ಕಡಲೆಕಾಳಿನಷ್ಟು ಕ್ರೀಮನ್ನು ಏನು ಮಾಡಬೇಕು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಇದಕ್ಕಿಂತ ಸಣ್ಣ ವಿಷಯಕ್ಕೆ ರಾಜ್ಯಗಳು ದಂಡೆತ್ತಿ ಹೋಗಿವೆ. ಎರಡು ಕುರ್ಚಿ, ಮೂರು ಕನ್ನಡಿ, ಒಂದು ಸಿಂಕು ಇದ್ದ ಆ ಮಹಡಿ ಮೇಲಿನ ಬ್ಯೂಟಿ ಪಾರ್ಲರಿನಲ್ಲಿ ಈ ಪ್ರಶ್ನೆ ದಿನಕ್ಕೆ ಹತ್ತು ಹನ್ನೆರಡು ಸಲ ತಲೆಯೆತ್ತುತ್ತಿತ್ತು. ಅದನ್ನು ನಡೆಸುತ್ತಿದ್ದ ತಾಯಿ ಮಗಳು ಆರು ತಿಂಗಳು ಕಿತ್ತಾಡಿದ ಮೇಲೆ ಒಂದು ಒಪ್ಪಂದಕ್ಕೆ ಬಂದರು.

ಡಬ್ಬಿಗೆ ವಾಪಸ್ ಹಾಕುವಂತಿಲ್ಲ ಎಂಬುದು ಮಗಳ ಪಕ್ಷ. ಮೂರು ತಿಂಗಳ ಕೋರ್ಸು ಮುಗಿಸಿ ಗೋಡೆಗೆ ಸರ್ಟಿಫಿಕೇಟು ತೂಗುಹಾಕಿದವಳು ಅವಳು. ಒಬ್ಬರ ಮುಖ ಮುಟ್ಟಿದ್ದು ಇನ್ನೊಬ್ಬರ ಮುಖಕ್ಕೆ ಹೋಗಬಾರದು ಎಂದು ಅಲ್ಲಿ ಹೇಳಿಕೊಟ್ಟಿದ್ದರು. ಟಿಶ್ಯೂಗೆ ಒರೆಸಿ ಬಿಸಾಡುವಂತಿಲ್ಲ ಎಂಬುದು ಅಮ್ಮನ ಪಕ್ಷ. ಒಂದು ರೀಲು ದಾರ ಮತ್ತು ಎರಡು ಬರಿಗೈಗಳಿಂದ ಮೂವತ್ತೈದು ವರ್ಷ ಇಡೀ ಬೀದಿಯ ಹುಬ್ಬು ತಿದ್ದಿ, ಅದರಲ್ಲೇ ಮಗಳನ್ನು ಬೆಳೆಸಿದವಳು ಅವಳು. ಬಿಸಾಡುವ ಮಾತು ಬಂದರೆ ಅಮ್ಮ ಡಬ್ಬಿಯನ್ನೇ ಕಿತ್ತುಕೊಳ್ಳುತ್ತಿದ್ದಳು.

"ಹಾಗಾದ್ರೆ ನಿನಗೇ ಬಳೀಲಾ?" ಎಂದು ಮಗಳು ಒಂದು ದಿನ ರೇಗಿ, ಬೆರಳಲ್ಲಿ ಉಳಿದದ್ದನ್ನು ಅಮ್ಮನ ಮುಂಗೈಗೆ ಸವರಿಬಿಟ್ಟಳು.

ಅಮ್ಮ ಒಂದು ಕ್ಷಣ ಕೈ ನೋಡಿಕೊಂಡಳು. ಆಮೇಲೆ ಇನ್ನೊಂದು ಕೈಯನ್ನೂ ಚಾಚಿದಳು. "ಇದೇನು ಪಾಪ ಮಾಡಿದೆ?"

ಅಲ್ಲಿಗೆ ಪ್ರಶ್ನೆ ಇತ್ಯರ್ಥವಾಯಿತು. ಪ್ರತಿ ಗಿರಾಕಿ ಎದ್ದ ಮೇಲೂ ಮಗಳು ಎರಡು ಹೆಜ್ಜೆ ಹಿಂದೆ ಸರಿದು, ಅಮ್ಮನ ಮುಂಗೈಗೆ ಕೈ ಒರೆಸಿ, ಮುಂದಿನವರನ್ನು ಕರೆಯುವುದು ಆ ಪಾರ್ಲರಿನ ಪದ್ಧತಿಯಾಯಿತು.

ಮಗಳು ಗ್ಲೌಸ್ ಹಾಕಿಕೊಂಡೇ ಕೆಲಸ ಮಾಡುತ್ತಿದ್ದಳು. ಅದೂ ಕೋರ್ಸಿನಿಂದ ಬಂದ ವಿದ್ಯೆ. ಮೊದಲ ದಿನ ಆ ನೀಲಿ ರಬ್ಬರಿನ ಕೈಗಳನ್ನು ಕಂಡಾಗ ಅಮ್ಮ ನಕ್ಕು ಸುಸ್ತಾಗಿದ್ದಳು. "ಏನೇ, ಫೇಶಿಯಲ್ ಮಾಡ್ತೀಯೋ, ಹೊಟ್ಟೆ ಕೊಯ್ದು ಗಂಟು ತೆಗೀತೀಯೋ?" ಆದರೆ ಗಿರಾಕಿಗಳಿಗೆ ಅದು ಹಿಡಿಸಿತ್ತು. ಆಸ್ಪತ್ರೆ ಥರ ಇದೆ ಎಂದು ಹೊಗಳುತ್ತಿದ್ದರು. ಆರೋಗ್ಯವಾಗಿರುವವರು ಮಾತ್ರ ಆಸ್ಪತ್ರೆಯನ್ನು ಹಾಗೆ ಹೊಗಳಲು ಸಾಧ್ಯ.

ಕ್ರೀಮಿನ ವಿಷಯಕ್ಕೆ ಬಂದರೆ, ಅದಕ್ಕೆ ಹೆಸರಿರಲಿಲ್ಲ. ಎರಡು ವಾರಕ್ಕೊಮ್ಮೆ ಬ್ಯಾಗು ಹೊತ್ತು ಬರುತ್ತಿದ್ದ ಏಜೆಂಟನೊಬ್ಬ ಅದನ್ನು ಲೇಬಲ್ ಇಲ್ಲದ ಬಿಳಿ ಡಬ್ಬಿಗಳಲ್ಲಿ ತಂದುಕೊಡುತ್ತಿದ್ದ. ಕೂದಲ ಬಣ್ಣಕ್ಕೂ ಗ್ಯಾರಂಟಿ, ಬಾಚಣಿಗೆಗೂ ಗ್ಯಾರಂಟಿ, ನಾಳೆ ಮಳೆ ಬರುವುದಿಲ್ಲ ಎಂಬುದಕ್ಕೂ ಗ್ಯಾರಂಟಿ ಕೊಡುತ್ತಿದ್ದುದರಿಂದ ಅಮ್ಮ ಅವನಿಗೆ ಗ್ಯಾರಂಟಿ ಎಂದೇ ಹೆಸರಿಟ್ಟಿದ್ದಳು. ಮಗಳು ಆ ಬಿಳಿ ಕ್ರೀಮಿಗೆ ಅಂಗಡಿಯ ಸನ್‌ಸ್ಕ್ರೀನ್ ಬೆರೆಸಿ, ಚಿಕ್ಕ ಡಬ್ಬಿಗಳಿಗೆ ತುಂಬಿ, 'ಬಿಸಿಲಿನ ಕ್ರೀಮು' ಎಂದು ಕೊಡುತ್ತಿದ್ದಳು. ಹಚ್ಚಿದವರು ಬಿಸಿಲಲ್ಲಿ ಕಪ್ಪಾಗುತ್ತಿರಲಿಲ್ಲ. ಬದಲಿಗೆ ವಾರದಿಂದ ವಾರಕ್ಕೆ ಬೆಳ್ಳಗಾಗುತ್ತಿದ್ದರು. ಏನಿದೆ ಇದರಲ್ಲಿ ಎಂದು ಯಾರಾದರೂ ಕೇಳಿದರೆ ಮಗಳು ಅಮ್ಮನ ಕಡೆ ತಿರುಗುತ್ತಿದ್ದಳು.

"ಅಮ್ಮ, ಕೈ ತೋರಿಸು."

ಅಮ್ಮ ತೋರಿಸುತ್ತಿದ್ದಳು. ಅರವತ್ತೆರಡರ ಹೆಂಗಸಿನ ಕೈಗಳು ಹದಿನಾರರ ಹುಡುಗಿಯ ಕೈಗಳಂತೆ ನುಣುಪಾಗಿ, ಮೊಣಕೈವರೆಗೆ ಬೇರೆ ಯಾರದೋ ಎಂಬಷ್ಟು ಬೆಳ್ಳಗೆ ಹೊಳೆಯುತ್ತಿದ್ದವು. ಅದರ ಮುಂದೆ ಪ್ರಶ್ನೆ ಉಳಿಯುತ್ತಿರಲಿಲ್ಲ.

ಮೊದಲು ತಪ್ಪಿದ್ದು ಟೀಚರ ಹುಬ್ಬು. ಈ ಟೀಚರು ಹತ್ತಿರದ ಶಾಲೆಯಲ್ಲಿ ವಿಜ್ಞಾನ ಹೇಳುವವರು. ಅಮ್ಮನ ಕೈಗುಣ ಬಿಟ್ಟು ಇನ್ನೊಬ್ಬರ ದಾರಕ್ಕೆ ಹಣೆ ಕೊಟ್ಟವರಲ್ಲ. ಆ ದಿನ ಅಮ್ಮ ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ, ಉಳಿದದ್ದನ್ನು ಬೆರಳಿಗೆ ಸುತ್ತಿ ಬಗ್ಗಿದವಳು, ಎರಡೇ ಎಳೆತಕ್ಕೆ ಎಡ ಹುಬ್ಬಿನ ಅರ್ಧವನ್ನು ಕಿತ್ತುಬಿಟ್ಟಳು. ದಾರ ಅವಳ ಬೆರಳುಗಳ ನಡುವೆ ಅದುರುತ್ತಿತ್ತು.

ಟೀಚರು ಕನ್ನಡಿ ನೋಡಿಕೊಂಡರು. "ಹೋಗ್ಲಿ ಬಿಡಿ ಅಮ್ಮ. ಮಕ್ಕಳನ್ನ ಹೆದರಿಸೋಕೆ ಒಂದೂವರೆ ಹುಬ್ಬು ಧಾರಾಳ."

ಅಮ್ಮ ನಗಲಿಲ್ಲ. ಸಿಂಕಿನ ಹತ್ತಿರ ನಿಂತು ಬಿಕ್ಕಿ ಬಿಕ್ಕಿ ಅತ್ತಳು. ಮಗಳು ದಂಗಾದಳು. ಗಂಡ ಸತ್ತ ದಿನವೂ ಮೂರು ಗಿರಾಕಿಗಳಿಗೆ ಮರುದಿನ ಬರಲು ಹೇಳಿ ಕಳಿಸಿದ ಮೇಲೆ ಅಳಲು ಕೂತವಳು ಅಮ್ಮ.

ಅಂದಿನಿಂದ ಅವಳು ದಾರ ಮುಟ್ಟಲಿಲ್ಲ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತು ಟವೆಲು ಮಡಿಸುವ ಕೆಲಸಕ್ಕೆ ತನ್ನನ್ನು ತಾನೇ ವರ್ಗಾಯಿಸಿಕೊಂಡಳು. ಅದೂ ಸೊಟ್ಟಗಾಗುತ್ತಿತ್ತು. ಹೆಸರುಗಳು ಮರೆತುಹೋಗತೊಡಗಿದವು, ಕಾರಣವಿಲ್ಲದೆ ಸಿಟ್ಟು ಬರುತ್ತಿತ್ತು, ಗಿರಾಕಿಗಳು ಮಾತಾಡಿಸಿದರೆ ನಾಚಿ ಕಿಟಕಿಯತ್ತ ತಿರುಗುತ್ತಿದ್ದಳು. ನಾಚಿಕೆ ಎಂಬುದು ಅಮ್ಮನ ಜಾಯಮಾನದಲ್ಲೇ ಇರಲಿಲ್ಲ.

ಮಗಳಿಗೆ ಒಂದೇ ಯೋಚನೆ ಹತ್ತಿತು: ಆ ಕೈಗಳನ್ನು ಹೇಗಾದರೂ ಮಾಡಿ ಮೊದಲಿನಂತೆ ಮಾಡಬೇಕು. ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಸಾವಧಾನದ ಮನುಷ್ಯ. ಅಮ್ಮನಿಗೆ ಕೈ ಚಾಚಿಸಿ ನೋಡಿದರು, ಕಾಗದದ ಮೇಲೆ ಸುರುಳಿ ಬರೆಸಿದರು, ಮೊಣಕಾಲಿಗೆ ತಟ್ಟಿದರು.

"ಬೇರೆ ಏನಾದರೂ ತಗೊಳ್ತಾರಾ? ನಾಟಿ ಔಷಧಿ? ಹಚ್ಚೋ ಕ್ರೀಮು, ಗೀಮು?"

"ಏನೂ ಇಲ್ಲ ಡಾಕ್ಟ್ರೇ," ಎಂದಳು ಮಗಳು, ಸ್ವಲ್ಪ ಹೆಮ್ಮೆಯಿಂದಲೇ. "ಪಾರ್ಲರು ನಮ್ಮದೇ. ಆದ್ರೂ ಅಮ್ಮ ಜೀವನದಲ್ಲಿ ಸೋಪು ಬಿಟ್ಟು ಇನ್ನೊಂದು ಮೈಗೆ ಮುಟ್ಟಿಸಿದವಳಲ್ಲ."

ಅವಳು ಸುಳ್ಳು ಹೇಳಲಿಲ್ಲ. ಕ್ರೀಮು ಹಚ್ಚುವುದು ಅಂದರೆ ಡಬ್ಬಿ ತೆರೆದು, ಕನ್ನಡಿ ಮುಂದೆ ಕೂತು, ಮುಖಕ್ಕೆ ಹಚ್ಚುವುದು. ಉಳಿದದ್ದನ್ನು ಒರೆಸುವುದು ಕ್ರೀಮು ಹಚ್ಚಿದ್ದಾಗುವುದಿಲ್ಲ. ಅದು ಬರೀ ಕೈ ಒರೆಸುವುದು. ಆ ಪಾರ್ಲರಿನಲ್ಲಿ ಹುಟ್ಟಿ ಬೆಳೆದ ಯಾರನ್ನು ಕೇಳಿದರೂ ಇದೇ ಉತ್ತರ ಸಿಗುತ್ತಿತ್ತು. ಅಮ್ಮನೂ ಪಕ್ಕದಲ್ಲಿ ಕೂತು ತಲೆಯಾಡಿಸಿದಳು.

ಡಾಕ್ಟರು 'ವಯಸ್ಸು' ಎಂದು ಬರೆದುಕೊಂಡು ನಡುಕದ ಮಾತ್ರೆ ಕೊಟ್ಟರು. ಹೀಗೆ ಐದು ತಿಂಗಳು ಹೋಯಿತು.

ಆ ಐದು ತಿಂಗಳಲ್ಲಿ ಮಗಳು ಇನ್ನೊಂದು ಸಂಗತಿ ಕಂಡುಹಿಡಿದಿದ್ದಳು. ಅಮ್ಮನ ಕೈಯನ್ನು ತನ್ನ ಎರಡೂ ನೀಲಿ ಕೈಗಳ ನಡುವೆ ಒತ್ತಿ ಹಿಡಿದು ಮೆಲ್ಲಗೆ ನೀವಿದರೆ ನಡುಕ ಕೆಲವು ನಿಮಿಷ ನಿಲ್ಲುತ್ತಿತ್ತು. ಅಮ್ಮ ಕಣ್ಣು ಮುಚ್ಚುತ್ತಿದ್ದಳು. ಆದ್ದರಿಂದ ಮಗಳು ಬೆರಳಲ್ಲಿ ಉಳಿದದ್ದು ಸಾಲದೆ, ಡಬ್ಬಿಯಿಂದಲೇ ಧಾರಾಳವಾಗಿ ತೆಗೆದು, ಮೊಣಕೈವರೆಗೂ ತಿಕ್ಕತೊಡಗಿದಳು. ಕೈ ಜಾರಬೇಕಲ್ಲ.

ಟೀಚರು ಬಂದದ್ದು ಒಂದು ಶನಿವಾರ, ಮಧ್ಯಾಹ್ನ. ಮಹಡಿ ಹತ್ತಿ ಬಂದವರು ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತ ನಿಂತರು. ಮುಖ ಊದಿಕೊಂಡಿತ್ತು. ಪಾದ ಚಪ್ಪಲಿಯೊಳಗೆ ಹಿಡಿಸದೆ ಹೊರಗೆ ಉಕ್ಕಿತ್ತು. ಕುರ್ಚಿಯಲ್ಲಿ ಒಬ್ಬಳು ಕಾಲೇಜು ಹುಡುಗಿ ಕಣ್ಣು ಮುಚ್ಚಿ ಮಲಗಿದ್ದಳು. ಮಗಳು ಅವಳ ಹಣೆಗೆ ಕ್ರೀಮು ಹಚ್ಚಿ ಮುಗಿಸುತ್ತಿದ್ದಳು.

"ಜಗಳ ಆಡೋಣ ಅಂತ ಮನೆಯಿಂದ ಹೊರಟೆ," ಎಂದರು ಟೀಚರು. "ಒಳ್ಳೊಳ್ಳೆ ಬೈಗುಳ ಯೋಚಿಸಿಟ್ಕೊಂಡಿದ್ದೆ. ನಿಮ್ಮ ಮೆಟ್ಟಿಲು ಎಲ್ಲಾ ನುಂಗಿಹಾಕ್ತು. ಮೊದಲು ಆ ಮಗುವಿನ ಮುಖ ತೊಳಿ."

"ಯಾಕೆ ಟೀಚರ್?"

ಟೀಚರು ಬ್ಯಾಗಿನಿಂದ ಒಂದು ಕಾಗದ, ಜೊತೆಗೆ ಪಾರ್ಲರಿನದೇ ಚಿಕ್ಕ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಕಿಡ್ನಿ ಹಾಳಾಗ್ತಿದೆ. ಯಾಕೆ ಅಂತ ಹುಡುಕಿ ಹುಡುಕಿ ಕೊನೆಗೆ ಇದನ್ನ ಲ್ಯಾಬಿಗೆ ಕಳಿಸಿದ್ರು. ಪಾದರಸ ಇದೆ ಇದರಲ್ಲಿ. ಚೂರುಪಾರಲ್ಲ, ರಾಶಿ. ಬೆಳ್ಳಗಾಗೋದು ಅದರಿಂದಾನೇ ಅಂತೆ." ಅವರು ಗೋಡೆಗೆ ಒರಗಿದರು. "ಕ್ಲಾಸಲ್ಲಿ ಥರ್ಮಾಮೀಟರ್ ಒಡೆದ್ರೆ ಮಕ್ಕಳನ್ನೆಲ್ಲ ಹೊರಗೆ ಓಡಿಸ್ತಿದ್ದವಳು ನಾನು. ಬೆಳಗ್ಗೆ ಎದ್ದು ಅದನ್ನೇ ಮುಖಕ್ಕೆ ಮೆತ್ಕೊಂಡು ಪಾಠ ಮಾಡೋಕೆ ಹೋಗ್ತಿದ್ದೆ."

ಮಗಳು ಮೇಜಿನ ಮೇಲಿನ ಕಾಗದಕ್ಕೆ ಬಗ್ಗಿದಳು. "ವಾಸಿ ಆಗತ್ತಾ ಟೀಚರ್?"

"ಹಚ್ಚೋದು ನಿಲ್ಲಿಸಿದ್ರೆ ನಿಧಾನಕ್ಕೆ ಆಗಬಹುದು ಅಂದ್ರು. ದಿನಕ್ಕೆ ಒಂದೇ ಸಲ, ಕಡಲೆಕಾಳಿನಷ್ಟು ಹಚ್ತಿದ್ದೆ ಅಂದೆ. ಅಷ್ಟಕ್ಕೇ ಇಷ್ಟಾಗಿದೆ ಅಂದ್ರು."

ಆಗ ಕಿಟಕಿಯ ಕಡೆಯಿಂದ ದನಿ ಬಂತು. "ಆಯ್ತೇನೇ ಆ ಹುಡುಗೀದು?" ಅಮ್ಮ ಸ್ಟೂಲಿನ ಮೇಲೆ ಕೂತು ಎರಡೂ ಕೈಗಳನ್ನು ಮುಂದೆ ಚಾಚಿದ್ದಳು. ಬಿಸಿಲು ಬಿದ್ದು ಅವು ಹೊಳೆಯುತ್ತಿದ್ದವು. "ಕೊಡು ಮತ್ತೆ. ಒಣಗಿಹೋಗತ್ತೆ."

ಮಗಳು ತನ್ನ ನೀಲಿ ಬೆರಳುಗಳನ್ನು ನೋಡಿಕೊಂಡಳು. ಕಡಲೆಕಾಳಿನಷ್ಟು ಉಳಿದಿತ್ತು.

ಅವಳು ಅಮ್ಮನನ್ನು ಸಿಂಕಿಗೆ ಎಳೆದುಕೊಂಡು ಹೋಗಿ ಅರ್ಧ ಗಂಟೆ ಕೈ ತೊಳೆದಳು. ಒಂದು ಸೋಪು ಕರಗುವವರೆಗೂ ತೊಳೆದಳು. ಕಾಲೇಜು ಹುಡುಗಿ ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತ ಹೆದರಿ ಮೂಲೆಯಲ್ಲಿ ನಿಂತಳು. "ಏನೇ ಇದು, ಹೆಣ ತೊಳೆದ ಹಾಗೆ ತೊಳೀತಿದ್ದೀಯಲ್ಲೇ!" ಎಂದು ಅಮ್ಮ ಕೂಗಾಡಿದಳು. ಟೀಚರು ಬೈಯಲು ಬಂದವರು ನಲ್ಲಿ ತಿರುಗಿಸಿ ಹಿಡಿದುಕೊಂಡು ನಿಂತರು.

ಆಸ್ಪತ್ರೆಯಲ್ಲಿ ಈ ಸಲ ಅಮ್ಮನ ಮೂತ್ರ, ರಕ್ತ ಎರಡೂ ತೆಗೆದುಕೊಂಡರು. ಲ್ಯಾಬಿನವರು ಪಾದರಸದ ಅಂಕಿ ಕಂಡು ತಮ್ಮ ಮೆಷೀನು ಕೆಟ್ಟಿದೆಯೆಂದುಕೊಂಡು ಎರಡು ಸಲ ಪರೀಕ್ಷೆ ಮಾಡಿದರಂತೆ. ಕಿಡ್ನಿಗಳು ಆಗಲೇ ಕೈಬಿಟ್ಟಿದ್ದವು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ನಾನು ಅವತ್ತೇ ಕೇಳಿದ್ದೆನಲ್ಲಮ್ಮ."

"ಕೇಳಿದ್ರಿ," ಎಂದಳು ಮಗಳು.

ಅವಳು ಪಾರ್ಲರಿನ ಬಾಗಿಲಿಗೆ 'ಮುಚ್ಚಿದೆ' ಎಂದು ಕಾಗದ ಅಂಟಿಸಿದಳು. ಫೋನಿನಲ್ಲಿದ್ದ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಫೋನು ಮಾಡಿ, ಹಚ್ಚಬೇಡಿ, ಪರೀಕ್ಷೆ ಮಾಡಿಸಿ ಎಂದು ಹೇಳಿದಳು. ಕೆಲವರು ಉಗಿದರು. ಕೆಲವರು ಅತ್ತರು. ಒಬ್ಬಾಕೆ ಮಾತ್ರ ಎಲ್ಲವನ್ನೂ ತಾಳ್ಮೆಯಿಂದ ಕೇಳಿ, ಮುಂದಿನ ವಾರ ತಂಗಿ ಮದುವೆಯಿದೆ, ಹಳೇ ಸ್ಟಾಕಿನದು ಒಂದು ಡಬ್ಬಿ ಇದ್ದರೆ ಎತ್ತಿಡಿ ಎಂದಳು. ಗ್ಯಾರಂಟಿಯ ನಂಬರು ಚಾಲ್ತಿಯಲ್ಲಿರಲಿಲ್ಲ. ಆರೋಗ್ಯ ಇಲಾಖೆಯವರು ಬಂದು ಉಳಿದ ಬಿಳಿ ಡಬ್ಬಿಗಳನ್ನು ಚೀಲಕ್ಕೆ ಹಾಕಿ ಮೊಹರು ಮಾಡಿದರು. ಅವರೂ ಗ್ಲೌಸ್ ಹಾಕಿಕೊಂಡಿದ್ದರು.

ಅಮ್ಮನಿಗೆ ಹೇಳುವುದೊಂದು ಬಾಕಿ ಇತ್ತು. ಅಮ್ಮ ವಾರ್ಡಿನ ಮಂಚದಲ್ಲಿ ಮಲಗಿ, ಬಿಳಿಯ ಕೈಗಳನ್ನು ಹೊದಿಕೆಯ ಮೇಲಿಟ್ಟುಕೊಂಡು, ಎದುರು ಮಂಚದ ಹೆಂಗಸಿನ ಹುಬ್ಬುಗಳನ್ನು ವಿಮರ್ಶಕರ ಕಣ್ಣಿನಿಂದ ನೋಡುತ್ತಿದ್ದಳು.

"ಅಮ್ಮ, ಆ ಕ್ರೀಮಿನಿಂದ ನಿನಗೆ ಹೀಗಾಗಿದ್ದು," ಎಂದಳು ಮಗಳು. "ನಾನೇ ಹಚ್ಚಿದ್ದು."

ಅಮ್ಮ ಹೊದಿಕೆಯ ಅಂಚನ್ನು ನೇರ ಮಾಡಿದಳು. ಅರ್ಥವಾಯಿತೋ ಇಲ್ಲವೋ ಎಂದು ಮಗಳು ಮತ್ತೆ ಬಾಯಿ ತೆರೆದಳು.

"ಗೊತ್ತು, ಅದು ನಂಗೆ ಒಗ್ತಾನೇ ಇರ್ಲಿಲ್ಲ," ಎಂದಳು ಅಮ್ಮ. "ಯಾವಾಗ್ಲೂ ಬಾಯಲ್ಲಿ ಕಬ್ಬಿಣ ಇಟ್ಕೊಂಡ ಹಾಗೆ ಆಗ್ತಿತ್ತು."

"ಮತ್ತೆ ಯಾಕಮ್ಮ ಕೈ ಚಾಚ್ತಿದ್ದೆ? ಬೇಡ ಅನ್ನೋಕೆ ಏನಾಗಿತ್ತು ನಿನಗೆ?"

ಅಮ್ಮ ಎದುರು ಮಂಚದ ಹುಬ್ಬುಗಳಿಂದ ಕಣ್ಣು ಕೀಳಲಿಲ್ಲ. "ಬೆಳಗ್ಗೆಯಿಂದ ಸಂಜೆತನಕ ಯಾರ್ಯಾರ ಮುಖಾನೋ ಸವರ್ತಾ ನಿಂತಿರ್ತಿದ್ದೆ ನೀನು," ಎಂದಳು. "ನಾನು ಅಲ್ಲೇ ಕಿಟಕಿ ಹತ್ರ ಕೂತಿರ್ತಿದ್ದೆ."

ಮಗಳು ಸ್ಟೂಲನ್ನು ಹತ್ತಿರ ಎಳೆದುಕೊಂಡು ಅಮ್ಮನ ಕೈಯನ್ನು ತನ್ನ ಎರಡೂ ಕೈಗಳ ನಡುವೆ ತೆಗೆದುಕೊಂಡಳು. ಎಷ್ಟೋ ವರ್ಷಗಳ ಮೇಲೆ, ಬರಿಗೈಯಲ್ಲಿ. ಒತ್ತಿ ಹಿಡಿದಳು. ನಡುಕ ನಿಲ್ಲಲಿಲ್ಲ. ಅಮ್ಮ ಕಣ್ಣು ಮುಚ್ಚಿಕೊಂಡು, ಆ ಅಂಗೈಯನ್ನು ಹೆಬ್ಬೆರಳಿನಿಂದ ಸವರಿ ನೋಡಿದಳು. ಮುಖದಲ್ಲಿ ಹಳೆಯ ಕಸುಬಿನ ಅಸಮಾಧಾನ ಮೂಡಿತು.

"ಏನೇ ಇಷ್ಟು ಒರಟಾಗಿದೆ ನಿನ್ನ ಕೈ? ಪಾರ್ಲರ್ ನಡೆಸೋಳು ನೀನು. ಏನಾದ್ರೂ ಹಚ್ಕೋಬಾರದಾ?"

ಹನ್ನೊಂದು ದಿನಗಳ ನಂತರ ಅಮ್ಮ ತೀರಿಕೊಂಡಳು. ಟೀಚರು ಒಂದು ವರ್ಷದಲ್ಲಿ ಚೇತರಿಸಿಕೊಂಡು ಶಾಲೆಗೆ ಮರಳಿದರು. ಕ್ರೀಮನ್ನು ಬೆರೆಸಿದವಳೂ ಹಚ್ಚಿದವಳೂ ಮಗಳೇ ಆದ್ದರಿಂದ ಡಾಕ್ಟರು ಒತ್ತಾಯ ಮಾಡಿ ಅವಳ ರಕ್ತವನ್ನೂ ಪರೀಕ್ಷೆಗೆ ಕಳಿಸಿದ್ದರು. ರಿಪೋರ್ಟು ನಾರ್ಮಲ್ ಎಂದು ಬಂತು.